ತೊಳೆದಿಟ್ಟ ಗಡಿಗೆ

“ಬುದ್ಧೀ, ನನ್ನ ಮನಸ್ಸಿನಲ್ಲಿ ಇದ್ದದ್ದನ್ನೆಲ್ಲ ಉಜ್ಜಿ ತೊಳೆದು ಹಾಕಿದ್ದೇನೆ. ಆದರೂ ಅಲ್ಲಿ ಏನೂ ಮಾಗುತ್ತಿಲ್ಲ. ಯಾಕೆ?”

ಕೊಟ್ರಯ್ಯ ಈ ಪ್ರಶ್ನೆ ಕೇಳಿದ್ದು ಮಠದ ಹಿತ್ತಲಲ್ಲಿ, ಆಡುಸೋಗೆಯ ಬೇಲಿಯ ಪಕ್ಕ. ಚಳಿಗಾಲ ಬರುವ ಮೊದಲು ಮಠದಲ್ಲಿ ಕೆಮ್ಮಿನ ಮದ್ದು ಕಾಯಿಸಿಡುವ ರೂಢಿ. ಗುರುಗಳು ಎಲೆ ಕೊಯ್ಯುತ್ತಿದ್ದರು, ಅವನು ಬುಟ್ಟಿ ಹಿಡಿದಿದ್ದ. ಕೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು. ಆದರೆ ಕೇಳದೆ ಇರಲು ಆಗಲಿಲ್ಲ.

ಬೆಳಿಗ್ಗೆ ಅವನ ಅಕ್ಕ ಹಾಲಮ್ಮ ಮಠಕ್ಕೆ ಬಂದಿದ್ದಳು. ಹೆತ್ತವರು ಹೋದ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳು. ಜೋಳ ಬೀಸುತ್ತಾ ಅವಳು ಹೇಳುತ್ತಿದ್ದ ಶಿವನ ಪದಗಳನ್ನು ಕೇಳಿ ಕೇಳಿಯೇ ಅವನಿಗೆ ಮಠದ ಹುಚ್ಚು ಹಿಡಿದದ್ದು. ಬಂದ ಹೊಸದರಲ್ಲಿ ಅಂಗಳ ಗುಡಿಸುವಾಗ ಆ ಪದಗಳು ತಾವಾಗಿ ಬಾಯಿಗೆ ಬರುತ್ತಿದ್ದವು. ಆಮೇಲೆ ಅವನಿಗೆ ಅನ್ನಿಸಿತು: ಇದು ಮನೆಯ ವಾಸನೆ, ಮೋಹ, ಬಿಡಬೇಕು. ಹಾಡು ಬಿಟ್ಟ. ಊರಿನ ನೆನಪು ಬಂದರೆ ನಾಲಗೆ ಕಚ್ಚಿಕೊಂಡ. ಇಂದು ಬಾಗಿಲು ಕಾಯುವವನು ಬಂದು, ನಿನ್ನ ಅಕ್ಕ ಬಂದಿದ್ದಾಳೆ, ಕೈಯಲ್ಲಿ ರೊಟ್ಟಿಯ ಗಂಟೂ ಇದೆ ಎಂದಾಗ, “ನನಗೆ ಅಕ್ಕ ಇಲ್ಲ ಎಂದು ಹೇಳಿ ಕಳಿಸು” ಎಂದುಬಿಟ್ಟ.

ಗೆದ್ದೆ ಎಂದುಕೊಂಡ. ಜಪಕ್ಕೆ ಕುಳಿತ. ಒಳಗೆ ಬರೀ ಖಾಲಿ. ಎಷ್ಟು ಹೊತ್ತು ಕುಳಿತರೂ ಖಾಲಿ. ಅಕ್ಕ ಇಷ್ಟು ಹೊತ್ತಿಗೆ ಊರಿನ ಅರ್ಧ ದಾರಿ ಸವೆಸಿರಬೇಕು ಎಂಬ ಲೆಕ್ಕ ಮಾತ್ರ ಮತ್ತೆ ಮತ್ತೆ ಬರುತ್ತಿತ್ತು. ಇದನ್ನೆಲ್ಲ ಅವನು ಗುರುಗಳಿಗೆ ಹೇಳಲಿಲ್ಲ. ಅವರೂ ಕೇಳಲಿಲ್ಲ.

ಗುರುಗಳು ಒಂದು ಎಲೆ ಕಿತ್ತು ಅವನ ಬಾಯಿಗಿಟ್ಟು, ಅಗಿ ಎಂದರು. ಕೊಟ್ರಯ್ಯ ಅಗಿದ. ಕಹಿಗೆ ಅವನ ಮುಖ ಕಿವುಚಿಕೊಂಡಿತು. ಗುರುಗಳು ಹೊಟ್ಟೆ ಕುಲುಕಿಸಿ ನಕ್ಕರು.

“ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರಲ್ಲ, ಆ ಆಡೂ ಮುಟ್ಟದ ಸೊಪ್ಪು ಇದು. ನೀನು ಮುಟ್ಟಿದೆ, ಭೇಷ್! ಕೂತುಕೋ. ಒಂದು ಗಡಿಗೆಯ ಕತೆ ಹೇಳುತ್ತೇನೆ. ಯಾವ ಊರು, ಏನು ಹೆಸರು ಎಂದು ನಡುವೆ ಬಾಯಿ ಹಾಕಬೇಡ. ಅತ್ತೆ ಎಂದರೆ ಅತ್ತೆ, ಸೊಸೆ ಎಂದರೆ ಸೊಸೆ. ಎಲ್ಲ ಊರಲ್ಲೂ ಇರುತ್ತಾರೆ.”

ಗುರುಗಳು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಅತ್ತೆ ಇದ್ದಳು. ಅವಳ ಹಿತ್ತಲಲ್ಲಿ ತುಳಸಿ, ದೊಡ್ಡಪತ್ರೆ, ಅಮೃತಬಳ್ಳಿ, ಬೇಲಿಗೆ ಆಡುಸೋಗೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಆ ಕೇರಿಯಲ್ಲಿ ನಡೆಯುತ್ತಿರಲಿಲ್ಲ. ಯಾರಿಗೆ ಕೆಮ್ಮು ಬಂದರೂ ಬಟ್ಟಲು ಹಿಡಿದು ಅವಳ ಬಾಗಿಲಿಗೆ ಬರುತ್ತಿದ್ದರು. ಅವಳು ಕೊಡುತ್ತಿದ್ದದ್ದು ಆಡುಸೋಗೆಯ ಅರಿಷ್ಟ, ಗಡಿಗೆಯಲ್ಲಿ ಮಾಗಿಸಿದ ಕಷಾಯ.

ಅದನ್ನು ಮಾಡುವುದು ದೊಡ್ಡ ವಿದ್ಯೆಯೇನಲ್ಲ. ಎಲೆಯನ್ನು ನೀರಿಗೆ ಹಾಕಿ, ನೀರು ಕಾಲುಭಾಗಕ್ಕೆ ಇಳಿಯುವವರೆಗೆ ಕುದಿಸಬೇಕು. ಸೋಸಿ ಬೆಲ್ಲ ಕರಗಿಸಬೇಕು. ಆರಿದ ಮೇಲೆ ಶುಂಠಿ, ಮೆಣಸು, ಹಿಪ್ಪಲಿಯ ಪುಡಿ ಬೆರೆಸಿ ಮಣ್ಣಿನ ಗಡಿಗೆಗೆ ಸುರಿಯಬೇಕು. ಬಾಯಿಗೆ ಬಟ್ಟೆ ಕಟ್ಟಿ, ಮಣ್ಣು ಮೆತ್ತಿ, ಭತ್ತದ ಹೊಟ್ಟಿನ ರಾಶಿಯಲ್ಲಿ ಹೂತಿಡಬೇಕು. ಮಿಕ್ಕದ್ದು ಒಳಗೆ ತಾನೇ ನಡೆಯುತ್ತದೆ. ಕೆಲವು ದಿನ ಕಳೆದು ಹೊಟ್ಟು ಸರಿಸಿ ಗಡಿಗೆಗೆ ಕಿವಿ ಇಟ್ಟರೆ ಗುಳುಗುಳು ಸದ್ದು ಕೇಳುತ್ತದೆ. ‘ಗಡಿಗೆ ಮಾತಾಡುತ್ತಿದೆ’ ಎನ್ನುತ್ತಿದ್ದಳು ಅತ್ತೆ. ಮಾತು ನಿಂತಿತೆಂದರೆ ಮದ್ದು ಮಾಗಿತು ಎಂದೇ ಅರ್ಥ.

ಕೇರಿಯ ಹೆಂಗಸರು ಕೆಲವರು ಅವಳನ್ನು ನೋಡಿ ತಾವೂ ಹಾಕಿದರು. ಅದೇ ಬೇಲಿಯ ಎಲೆ, ಅದೇ ಅಂಗಡಿಯ ಬೆಲ್ಲ. ಅವರ ಗಡಿಗೆಗಳು ಮಾತಾಡಲಿಲ್ಲ. ಆಗ ಎಲ್ಲರೂ ತೀರ್ಮಾನಿಸಿದರು: ಇದು ಆ ತಾಯಿಯ ಕೈಗುಣ. ಅತ್ತೆ ಮೊದಮೊದಲು ‘ಅಯ್ಯೋ, ನನ್ನದೇನಿದೆ’ ಎನ್ನುತ್ತಿದ್ದಳು. ಹತ್ತು ಜನ ಹೇಳಿದ ಮೇಲೆ ಅವಳಿಗೂ ಹೌದೆನ್ನಿಸಿತು. ಹೊಗಳಿಕೆ ಯಾರಿಗೆ ಕಹಿ, ಹೇಳು? ಅದೇನು ಆಡುಸೋಗೆಯೇ?

ಅವಳ ಗಂಡ ಒಳ್ಳೆಯ ಮನುಷ್ಯ. ಎದೆ ಮಾತ್ರ ಬಲವಿಲ್ಲದ್ದು. ಗಾಳಿ ತಣ್ಣಗಾಯಿತೆಂದರೆ ಕೆಮ್ಮು ಹತ್ತಿಕೊಳ್ಳುತ್ತಿತ್ತು, ಉಣ್ಣಲು ಬಿಡುತ್ತಿರಲಿಲ್ಲ, ಮಲಗಲು ಬಿಡುತ್ತಿರಲಿಲ್ಲ. ಬೇರೆ ಯಾವ ಮದ್ದೂ ಅವನಿಗೆ ನಾಟುತ್ತಿರಲಿಲ್ಲ. ಹೆಂಡತಿಯ ಅರಿಷ್ಟ ಒಂದು ಗುಟುಕು ಕುಡಿದರೆ ಎದೆ ಸಡಿಲವಾಗುತ್ತಿತ್ತು.

ಆ ಮನೆಗೆ ಸೊಸೆ ಬಂದಳು. ಚೊಕ್ಕಟದ ಹುಡುಗಿ. ಅವಳ ತವರಿನಲ್ಲಿ ಒಲೆಯ ಬೂದಿಯನ್ನೂ ಒಪ್ಪವಾಗಿ ಜೋಡಿಸಿಡುತ್ತಿದ್ದರೇನೋ! ಅವಳು ಬೆಳಗಿದ ತಂಬಿಗೆಯಲ್ಲಿ ಮುಖ ನೋಡಿಕೊಂಡು ಮಾವ ಮೀಸೆ ತಿದ್ದಿಕೊಳ್ಳುತ್ತಿದ್ದ. ಅತ್ತೆಗೆ ಅವಳ ಮೇಲೆ ಅಕ್ಕರೆ. ಮಗಳ ಬಾಣಂತನಕ್ಕೆ ಹೊರಟು ನಿಂತಾಗ ಅತ್ತೆ ಹೇಳಿದಳು: ‘ಈ ಸಲ ಅರಿಷ್ಟ ನೀನೇ ಹಾಕು. ಮಾಡುವುದನ್ನು ನೋಡಿದ್ದೀಯಲ್ಲ. ಚಳಿ ಬರುವುದರೊಳಗೆ ಆಗಬೇಕು, ತಾಯಿ. ನಿನ್ನ ಮಾವನ ಎದೆ ನಿನ್ನ ಕೈಯಲ್ಲಿದೆ.’

ಸೊಸೆಗೆ ಹಿಗ್ಗೋ ಹಿಗ್ಗು. ಅತ್ತೆಯ ಬಂಡಿ ಊರು ದಾಟುವುದಕ್ಕಿಲ್ಲ, ಅವಳು ಉಗ್ರಾಣದಿಂದ ಗಡಿಗೆ ಹೊರತಂದಳು. ಬೆಳಕಿಗೆ ಹಿಡಿದು ಒಳಗೆ ನೋಡಿದಳು. ತಳದಲ್ಲಿ ಹಿಂದಿನ ವರ್ಷದ ಗಷ್ಟು, ಕಪ್ಪಗೆ, ಕೆಸರಿನಂತೆ. ಮೂಗಿಗೆ ಹುಳಿ ವಾಸನೆ ಹೊಡೆಯಿತು. ‘ಶಿವನೇ! ಮದ್ದು ಹಾಕುವ ಗಡಿಗೆ ಹೀಗಿರುವುದೇ? ಪಾಪ, ಅತ್ತೆಗೆ ಈಚೆಗೆ ಕಣ್ಣು ಮಂಜು’ ಎಂದುಕೊಂಡಳು. ಗಷ್ಟನ್ನು ಗೊಬ್ಬರದ ಗುಂಡಿಗೆ ಚೆಲ್ಲಿದಳು. ತೆಂಗಿನ ನಾರು, ಬೂದಿ, ಸೀಗೆಪುಡಿ ಹಾಕಿ ಗಸಗಸ ತಿಕ್ಕಿದಳು. ಕುದಿಯುವ ನೀರು ಸುರಿದಳು, ಮತ್ತೆ ತಿಕ್ಕಿದಳು. ಬಿಸಿಲಿಗೆ ಬೋರಲು ಹಾಕಿದಳು. ಸಾಲದು ಎಂದು ಲೋಬಾನದ ಹೊಗೆಯನ್ನೂ ಹಿಡಿದಳು. ಮೂಸಿ ನೋಡಿದರೆ ಬರೀ ಮಣ್ಣಿನ ವಾಸನೆ. ಅವಳ ಮನಸ್ಸು ತುಂಬಿತು.

ಇಲ್ಲಿ ಗುರುಗಳು ಕತೆ ನಿಲ್ಲಿಸಿ ಕೊಟ್ರಯ್ಯನ ಮುಖ ನೋಡಿದರು.

“ತಪ್ಪು ಮಾಡಿದಳೇ?”

“ಇಲ್ಲ ಬುದ್ಧಿ. ಕೊಳೆಯನ್ನು ತೊಳೆದಳು. ತೊಳೆಯಬೇಕಾದದ್ದೇ.”

“ಅಬ್ಬಾ! ನೀನು ಆ ಮನೆಗೆ ಸೊಸೆಯಾಗಿ ಹೋಗಬಹುದಿತ್ತು” ಎಂದರು ಗುರುಗಳು. ಮತ್ತೆ ಮುಂದುವರಿಸಿದರು.

ಆ ಹುಡುಗಿ ಒಂದು ಸಾಸಿವೆಯಷ್ಟೂ ತಪ್ಪದೆ ಅರಿಷ್ಟ ಹಾಕಿದಳು. ಎಲೆ ಕುದಿಸಿದಳು, ಬೆಲ್ಲ ಬೆರೆಸಿದಳು, ಬಾಯಿ ಕಟ್ಟಿದಳು, ಹೂತಿಟ್ಟಳು. ಅತ್ತೆ ಬಾಣಂತನ ಮುಗಿಸಿ ಬಂದವಳು ಕಾಲು ತೊಳೆದು ನೇರ ಹೊಟ್ಟಿನ ರಾಶಿಗೆ ಹೋದಳು. ಗಡಿಗೆಗೆ ಕಿವಿ ಇಟ್ಟಳು. ಸದ್ದಿಲ್ಲ. ಇನ್ನೊಂದು ಕಿವಿ ಇಟ್ಟಳು. ಸದ್ದಿಲ್ಲ. ಬಾಯಿ ಬಿಚ್ಚಿ ನೋಡಿದರೆ ಮೇಲೆಲ್ಲ ಬಿಳಿ ಬೂಷ್ಟು.

ಬಟ್ಟಲು ಹಿಡಿದು ಬಂದ ಹೆಂಗಸರು ಬಟ್ಟಲು ಹಿಡಿದೇ ವಾಪಸಾದರು. ಒಬ್ಬಳು ಹೋಗುವಾಗ ಸುಮ್ಮನೆ ಹೋಗಲಿಲ್ಲ. ‘ಹುಡುಗಿಯ ಕಾಲ್ಗುಣ ಚೆನ್ನಾಗಿತ್ತು, ಕೈಗುಣ ಬರಲಿಲ್ಲ, ಪಾಪ’ ಎಂದಳು. ಆ ‘ಪಾಪ’ ಇದೆಯಲ್ಲ, ಅದು ಬೈಗುಳಕ್ಕಿಂತ ಕೆಟ್ಟದ್ದು. ಹೆಣ್ಣಿಗೆ ಕೈಗುಣ ಇಲ್ಲ ಎಂದು ಒಮ್ಮೆ ಕೇರಿಯಲ್ಲಿ ಹಬ್ಬಿತೋ, ಮುಗಿಯಿತು. ಉಪ್ಪಿನಕಾಯಿ ಜಾಡಿ ಮುಟ್ಟಬೇಡ ಎನ್ನುತ್ತಾರೆ. ಸಸಿ ನೆಡಬೇಡ ಎನ್ನುತ್ತಾರೆ. ಬಾಣಂತಿಗೆ ಎಣ್ಣೆ ಹಚ್ಚಲು ಕರೆಯುವುದಿಲ್ಲ. ಸೊಸೆ ತನ್ನ ಎರಡು ಕೈಗಳನ್ನು ನೋಡಿಕೊಂಡಳು. ಒಂದು ಚೂರೂ ಮಸಿಯಿಲ್ಲದ ಕೈಗಳು. ಅವಳಿಗೆ ಏನೂ ಅರ್ಥವಾಗಲಿಲ್ಲ.

ಚಳಿ ಬಂತು. ಮಾವನಿಗೆ ಕೆಮ್ಮು ಹತ್ತಿಕೊಂಡಿತು. ಹಳೆಯ ಮದ್ದು ಬಾಟಲಿಯ ತಳಕ್ಕೆ ಬಂದಿತ್ತು.

‘ಹೋಗಲಿ ಬಿಡು, ಎಲ್ಲರಿಗೂ ಬರುವುದಲ್ಲ ಇದು’ ಎಂದಳು ಅತ್ತೆ. ಸಮಾಧಾನದ ಮಾತೇ. ತನಗೆ ಮಾತ್ರ ಬರುತ್ತದೆ ಎಂಬ ಒಂದು ಚೂರು ಬೆಲ್ಲವೂ ಅದರೊಳಗಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ಹೊಸದಾಗಿ ಹಾಕಿದಳು. ಬೂಷ್ಟು ಹಿಡಿದ ಗಡಿಗೆಯನ್ನು ಸೊಸೆ ಮತ್ತೆ ತೊಳೆದು ಕೊಟ್ಟಿದ್ದಳು. ಅದರಲ್ಲೇ ಹಾಕಿದಳು. ಹೂತಿಟ್ಟಳು. ಕಿವಿ ಇಟ್ಟಳು. ಗಡಿಗೆ ಮಾತಾಡಲಿಲ್ಲ. ದಿನವೂ ಇಟ್ಟಳು. ಕೆನ್ನೆಗೆ ಮಣ್ಣು ಅಂಟುವಷ್ಟು ಹೊತ್ತು ಇಟ್ಟಳು. ಕೊನೆಗೆ ಬಿಚ್ಚಿದರೆ ಅದೇ ಬಿಳಿ ಬೂಷ್ಟು.

ಅತ್ತೆ ನೆಲದ ಮೇಲೆ ಕುಸಿದು ಕೂತಳು. ‘ನನ್ನ ಕೈಗೇನಾಯಿತೇ? ಯಾರ ಕಣ್ಣು ಬಿತ್ತೇ?’ ಎಂದು ಅತ್ತಳು. ಬೇರೆ ಸೊಸೆಯಾಗಿದ್ದರೆ ಒಳಗೊಳಗೇ ಒಂದು ಲೋಟ ಪಾನಕ ಕುಡಿಯುತ್ತಿದ್ದಳು. ಇವಳು ಪಕ್ಕದಲ್ಲಿ ಕೂತು ತಾನೂ ಅತ್ತಳು. ಪಡಸಾಲೆಯಿಂದ ಮಾವ ಕೆಮ್ಮುತ್ತಲೇ ಕೂಗಿದ: ‘ಅಯ್ಯೋ, ನಾನಿನ್ನೂ ಬದುಕಿದ್ದೇನೆ, ಈಗಲೇ ಶುರು ಮಾಡಬೇಡಿರೇ!’ ಇಬ್ಬರಿಗೂ ಅಳುವಿನ ನಡುವೆ ನಗು ಬಂತು. ನಗು ಬಂದರೇನು, ಕೆಮ್ಮು ಹೋಗಲಿಲ್ಲ.

ಸಂಜೆ ಸೊಸೆ ಹಾಲು ಕಾಸಿದಳು. ಉಗುರುಬೆಚ್ಚಗಾದ ಮೇಲೆ, ದಿನವೂ ಮಾಡುವಂತೆ, ಹಿಂದಿನ ದಿನದ ಮೊಸರಿನಿಂದ ಒಂದು ಚಮಚ ತೆಗೆದು ಹಾಲಿಗೆ ಬಿಡಲು ಹೋದಳು. ಕೈ ಹಾಗೆಯೇ ನಿಂತಿತು. ಹಾಲು ಎಷ್ಟೇ ಚೊಕ್ಕಟವಾಗಿರಲಿ, ಪಾತ್ರೆ ಎಷ್ಟೇ ಬೆಳಗಿರಲಿ, ಹೆಪ್ಪು ಹಾಕದಿದ್ದರೆ ಮೊಸರಾಗುವುದಿಲ್ಲ. ಇಂದಿನ ಮೊಸರಿಗೆ ನಿನ್ನೆಯದು ಬೇಕು, ನಿನ್ನೆಯದಕ್ಕೆ ಮೊನ್ನೆಯದು.

‘ಅತ್ತೆ, ಗಡಿಗೆಯ ತಳದಲ್ಲಿ ಗಷ್ಟು ಇರುತ್ತಿತ್ತಲ್ಲ, ಅದನ್ನು ನೀವು ಯಾವತ್ತಾದರೂ ತೆಗೆದಿದ್ದಿರಾ?’

‘ಇಲ್ಲ. ನಮ್ಮ ಅತ್ತೆಯೂ ತೆಗೆಯುತ್ತಿರಲಿಲ್ಲ. ಅದರ ಮೇಲೇ ಸುರಿಯುವುದು. ಯಾಕೆ?’

‘ನಾನು ತೆಗೆದು ಚೆಲ್ಲಿದೆ. ತಿಕ್ಕಿ ತೊಳೆದೆ’ ಎಂದಳು ಸೊಸೆ.

ಅತ್ತೆಗೆ ಸಿಟ್ಟು ನೆತ್ತಿಗೇರಿತು. ಬಯ್ಯಲು ಬಾಯಿ ತೆರೆದಳು. ಅಷ್ಟರಲ್ಲಿ ಇನ್ನೊಂದು ವಿಷಯ ಹೊಳೆಯಿತು. ಇಷ್ಟು ವರ್ಷ ಕೇರಿ ಹೊಗಳಿದ್ದು ತನ್ನ ಕೈಯನ್ನು. ಕೆಲಸ ಮಾಡಿದ್ದು ತಳದ ಗಷ್ಟು. ಅದನ್ನು ತನಗೆ ಕೊಟ್ಟವಳು ತನ್ನ ಅತ್ತೆ. ಅವಳಿಗೆ ಕೊಟ್ಟವಳು ಅವಳ ಅತ್ತೆ. ತಾನು ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ಹಾಗಾಗಿ ಸೊಸೆಗೆ ಹೇಳುವುದೂ ಹೊಳೆದಿರಲಿಲ್ಲ. ತೆರೆದ ಬಾಯಿ ಮುಚ್ಚಿಕೊಂಡಿತು. ಸೊಸೆಯ ತಲೆಗೆ ಮೆಲ್ಲಗೆ ಒಂದು ಮೊಟಕಿದಳು, ಅಷ್ಟೇ.

ಈಗ ಹೆಪ್ಪು ಎಲ್ಲಿಂದ ತರುವುದು? ಅದೂ ಅತ್ತೆಗೆ ಗೊತ್ತಿತ್ತು. ಗೊತ್ತಿದ್ದದ್ದೇ ಕಷ್ಟ. ಹಿಂದೆ ಅಣ್ಣತಮ್ಮಂದಿರು ಪಾಲಾದಾಗ, ಗಡಿಗೆಯಲ್ಲಿದ್ದದ್ದರಲ್ಲಿ ಅರ್ಧವನ್ನು ಗಷ್ಟು ಸಮೇತ ವಾರಗಿತ್ತಿಯ ಗಡಿಗೆಗೆ ಸುರಿದು ಕೊಟ್ಟಿದ್ದಳು. ಆಮೇಲೆ ಆ ಆಡುಸೋಗೆಯ ಬೇಲಿ ಯಾರ ಪಾಲಿನದು ಎಂದು ಜಗಳ ಬಂತು. ಮಾತು ನಿಂತಿತು. ವಾರಗಿತ್ತಿಯ ಗಡಿಗೆಯೂ ಮಾತಾಡುತ್ತದಂತೆ ಎಂದು ಯಾರೋ ಹೇಳಿದ್ದು ಅತ್ತೆಯ ಕಿವಿಗೆ ಬಿದ್ದಿತ್ತು. ಕಿವಿಗೆ ಬಿದ್ದದ್ದನ್ನೆಲ್ಲ ಕೇಳಿಸಿಕೊಳ್ಳಬೇಕೆಂದು ಎಲ್ಲಿದೆ?

‘ನಾನು ಹೋಗಿ ಕೇಳಲೇ ಅತ್ತೆ?’ ಎಂದಳು ಸೊಸೆ.

‘ಸತ್ತರೂ ಆ ಹೊಸ್ತಿಲು ತುಳಿಯುವುದಿಲ್ಲ ಎಂದಿದ್ದೇನೆ. ನನ್ನ ಮನೆಯವರೂ ತುಳಿಯಕೂಡದು.’

ಹೇಳಿ ಮುಗಿಸುವುದಕ್ಕಿಲ್ಲ, ಪಡಸಾಲೆಯಲ್ಲಿ ಕೆಮ್ಮು ಶುರುವಾಯಿತು. ಒಂದು, ಇನ್ನೊಂದು, ಉಸಿರು ಹಿಡಿದು ಮತ್ತೊಂದು. ಅತ್ತೆ ಕೇಳುತ್ತಾ ನಿಂತಳು. ಆಮೇಲೆ ಮೂಲೆಯಲ್ಲಿದ್ದ ಬಟ್ಟಲು ತೆಗೆದುಕೊಂಡು ತಾನೇ ಹೊರಟಳು. ಇಡೀ ಕೇರಿ ಬಟ್ಟಲು ಹಿಡಿದು ಅವಳ ಬಾಗಿಲಿಗೆ ಬರುತ್ತಿತ್ತು. ಅವಳು ಬಟ್ಟಲು ಹಿಡಿದು ಬೇರೆಯವರ ಬಾಗಿಲಿಗೆ ಹೋದದ್ದು ಅದೇ ಮೊದಲು.

ವಾರಗಿತ್ತಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಿದಳು. ಬಟ್ಟಲು ನೋಡಿದಳು. ಎದ್ದು ನಿಂತಳು.

‘ಗಷ್ಟು ಬೇಕಿತ್ತು’ ಎಂದಳು ಅತ್ತೆ. ‘ಇವರಿಗೆ ಕೆಮ್ಮು. ನಮ್ಮ ಮನೆಯದು ಹೋಯಿತು.’

ವಾರಗಿತ್ತಿ ಒಳಗೆ ಹೋದಳು. ಬಟ್ಟಲು ತುಂಬಿ ತಂದಳು. ಇನ್ನೊಂದು ಕೈಯಲ್ಲಿ ಮಾಗಿದ ಅರಿಷ್ಟದ ಬಾಟಲಿಯೂ ಇತ್ತು. ‘ನಿನ್ನದು ಆಗುವವರೆಗೆ ಭಾವನವರಿಗೆ ಇದು ಕೊಡು’ ಎಂದಳು. ಅತ್ತೆಗೆ ಕಣ್ಣು ತುಂಬಿ ಬಂತು. ‘ನಿನ್ನ ಉಪಕಾರ...’ ಎಂದು ತೊದಲಿದಳು.

‘ಥೂ, ಸುಮ್ಮನಿರು ಅಕ್ಕಾ! ಇದು ನನ್ನದೆಲ್ಲಿ? ಅವತ್ತು ನೀನು ಸುರಿದು ಕೊಟ್ಟದ್ದೇ ಇದು. ಜಗಳ ಆಡಿದೆ ನಿಜ, ಗಡಿಗೆ ತೊಳೆಯಲಿಲ್ಲ’ ಎಂದಳು ವಾರಗಿತ್ತಿ.

ಆ ಗಷ್ಟಿನ ಮೇಲೆ ಸೊಸೆಯೇ ಹೊಸ ಅರಿಷ್ಟ ಸುರಿದಳು. ಅತ್ತೆ ಕೈ ಹಾಕಲಿಲ್ಲ, ದೂರ ನಿಂತಳು. ಹೂತಿಟ್ಟರು. ಒಂದು ಬೆಳಿಗ್ಗೆ ಸೊಸೆ ಕಿವಿ ಇಟ್ಟವಳು ಚೀರಿದಳು. ಅತ್ತೆ ಓಡಿ ಬಂದು ಆಚೆ ಬದಿಗೆ ಕಿವಿ ಇಟ್ಟಳು. ಮಾವ ಕಂಬಳಿ ಹೊದ್ದುಕೊಂಡೇ ಬಂದ. ವಾರಗಿತ್ತಿ ಕೊಟ್ಟ ಬಾಟಲಿಯಿಂದ ಅವನ ಎದೆ ಆಗಲೇ ಸಡಿಲವಾಗಿತ್ತು.

‘ಏನನ್ನುತ್ತದೆ ನಿಮ್ಮ ಗಡಿಗೆ?’ ಎಂದ.

‘ನಮ್ಮ ಸೊಸೆಗೆ ಕೈಗುಣ ಇದೆ ಅನ್ನುತ್ತದೆ!’ ಎಂದಳು ಅತ್ತೆ. ಬೇಲಿಯಾಚೆ ಕೇರಿಗೆಲ್ಲ ಕೇಳಿಸಲಿ ಎಂದು ಗಟ್ಟಿಯಾಗಿಯೇ ಹೇಳಿದಳು. ಆ ವರ್ಷ ಮದ್ದಿಗೆ ಬಂದವರಿಗೆಲ್ಲ ಅರಿಷ್ಟವನ್ನು ಸೊಸೆಯ ಕೈಯಿಂದಲೇ ಕೊಡಿಸಿದಳು. ಕೇಳಿದವರಿಗೆ ಒಂದೊಂದು ಸೌಟು ಗಷ್ಟನ್ನೂ ಕೊಡಿಸಿದಳು. ಆಮೇಲೆ ಆ ಕೇರಿಯಲ್ಲಿ ಮೂಕ ಗಡಿಗೆ ಉಳಿಯಲಿಲ್ಲ.

ಗುರುಗಳು ಕತೆ ಮುಗಿಸಿ, ಸೊಂಟ ಹಿಡಿದುಕೊಂಡು ಎದ್ದು, ಮತ್ತೆ ಎಲೆ ಕೊಯ್ಯತೊಡಗಿದರು. ಬಿಸಿಲು ಬೇಲಿಯ ಮೇಲಿಂದ ಇಳಿದಿತ್ತು. ಕೊಟ್ರಯ್ಯನ ಬಾಯಿಯಲ್ಲಿ ಕಹಿ ಇನ್ನೂ ಹೋಗಿರಲಿಲ್ಲ. ಅಂಗಳ ಗುಡಿಸುವಾಗ ಬಿಟ್ಟುಬಿಟ್ಟ ಹಾಡಿನ ಒಂದು ಸಾಲು ಎಲ್ಲಿಂದಲೋ ನೆನಪಿಗೆ ಬಂತು. ಅವನು ನಾಲಗೆ ಕಚ್ಚಿಕೊಳ್ಳಲು ಹೋಗಿ ಬಿಟ್ಟ. ಆದರೂ ಓದಿದ ಹುಡುಗ ನೋಡಿ, ಅಷ್ಟು ಸುಲಭಕ್ಕೆ ಒಪ್ಪುವವನಲ್ಲ.

“ಹಾಗಾದರೆ ಬುದ್ಧೀ, ಕೊಳೆಯನ್ನು ತೊಳೆಯಲೇಬಾರದೇ?”

“ಯಾರು ಹೇಳಿದರು? ಎಲೆ ಕುದಿಸುವ ತಪ್ಪಲೆಯ ಹೊರಗಿನ ಮಸಿಯನ್ನು ಆ ಸೊಸೆ ಈಗಲೂ ತಿಕ್ಕುತ್ತಾಳೆ. ತಿಕ್ಕಿದ ದಿನ ಅತ್ತೆ ಅದರಲ್ಲಿ ಮುಖ ನೋಡಿಕೊಳ್ಳುತ್ತಾಳೆ.”

“ಮತ್ತೆ ಯಾವುದು ಕೊಳೆ, ಯಾವುದು ಹೆಪ್ಪು ಎಂದು ನನಗೆ ತಿಳಿಯುವುದು ಹೇಗೆ?” ಎಂದ ಕೊಟ್ರಯ್ಯ. ಈ ಸಲ ಅವನ ದನಿಯಲ್ಲಿ ವಾದವಿರಲಿಲ್ಲ. ನಿಜವಾಗಿ ತಿಳಿಯದೆ ಕೇಳಿದ್ದ.

ಗುರುಗಳು ಅವನ ಕೈಯಿಂದ ಬುಟ್ಟಿ ತೆಗೆದುಕೊಂಡರು.

“ಹೆಪ್ಪು ಹಾಕಿದವಳು ರೊಟ್ಟಿಯ ಗಂಟು ಮಡಿಲಲ್ಲಿಟ್ಟುಕೊಂಡು ಇನ್ನೂ ಹೆಬ್ಬಾಗಿಲ ಕಟ್ಟೆಯ ಮೇಲೆಯೇ ಕೂತಿದ್ದಾಳೆ, ಹೋಗಿ ಅವಳನ್ನೇ ಕೇಳು.”